ಎಳೆಯುವ ಗಾಳ, ಎಳೆಯುವ ಬಲೆ

ಪ್ರತಿ ವರ್ಷ ಜೂನ್ 9ರ ನಡುರಾತ್ರಿ ಕೇರಳದ ಕಡಲಿನಲ್ಲಿ ದೊಡ್ಡ ಬೋಟುಗಳ ಕೆಲಸ ನಿಲ್ಲುತ್ತದೆ. ಮರುದಿನದ ಪೇಪರಿನಲ್ಲಿ ‘ಟ್ರೋಲಿಂಗ್ ನಿಷೇಧ’ ಎಂಬ ತಲೆಬರಹ ಇದ್ದೇ ಇರುತ್ತದೆ. ಮಲಯಾಳ ಪೇಪರಾಗಲಿ ಕನ್ನಡ ಪೇಪರಾಗಲಿ, ಕಾಸರಗೋಡಿನವರಾದ ನಮಗೆ ಅದು ಕೊಡೆ, ಕೆಸರುಗದ್ದೆಗಳ ಹಾಗೆ ಮಳೆಗಾಲದ ಒಂದು ಶಬ್ದ. ಜುಲೈ 31ರವರೆಗೆ ಒಟ್ಟು 52 ದಿನ. ತಲಪಾಡಿ ದಾಟಿ ಆಚೆ ಹೋದರೆ ಕರ್ನಾಟಕದಲ್ಲಿ ಅದೇ ನಿಷೇಧ ಜೂನ್ 1ಕ್ಕೇ ಸುರುವಾಗಿ 61 ದಿನ ಇರುತ್ತದೆ. ಕಡಲು ಒಂದೇ, ಬೂತಾಯಿ ಒಂದೇ, ಲೆಕ್ಕ ಎರಡು.

ಆ ಲೆಕ್ಕದ ವಿಚಾರ ಆಮೇಲೆ ನೋಡುವ. ಮೊದಲು ಆ ಶಬ್ದ. ಮಕ್ಕಳಿಗೆ ಪಾಠ ಹೇಳುವ ನನ್ನಂಥವರಿಗೆ ಶಬ್ದ ಕಂಡಲ್ಲಿ ಅದನ್ನು ಬಿಡಿಸಿ ನೋಡುವ ಅಭ್ಯಾಸ ಉಂಟು. ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಬೇರೆ ಶಬ್ದಗಳು. ಒಂದು ಟ್ರಾಲ್. ಅಂದರೆ ಚೀಲದಂಥ ದೊಡ್ಡ ಬಲೆಯನ್ನು ಬೋಟಿನ ಹಿಂದೆ ಕಟ್ಟಿ, ಕಡಲಿನ ತಳ ಬಾಚುತ್ತಾ ಎಳೆಯುವುದು. ಜೂನ್ ತಿಂಗಳಲ್ಲಿ ನಮ್ಮಲ್ಲಿ ನಿಲ್ಲುವುದು ಇದು. ಇನ್ನೊಂದು ಟ್ರೋಲ್. ಅದರಲ್ಲಿ ಬಲೆಯೇ ಇಲ್ಲ. ಹಗ್ಗದ ತುದಿಗೆ ಗಾಳ, ಗಾಳಕ್ಕೆ ಎರೆ. ದೋಣಿ ಮೆಲ್ಲನೆ ಹೋಗುತ್ತಾ ಇರಬೇಕು, ಗಾಳ ಹಿಂದಿನಿಂದ ನೀರಿನೊಳಗೆ ಈಜುತ್ತಾ ಬರಬೇಕು. ಮೀನು ಒಂದೊಂದಾಗಿ ಮೇಲೆ ಬರುತ್ತದೆ. ನಮ್ಮ ಪೇಪರುಗಳು ಬಲೆಯ ನಿಷೇಧಕ್ಕೆ ಗಾಳದ ಹೆಸರು ಕೊಟ್ಟು ಎಷ್ಟೋ ವರ್ಷವಾಯಿತು. ರೂಢಿ ಹಾಗೆ ಆಗಿದೆ.

ನಿಜವಾದ ಟ್ರೋಲಿಗೆ, ಎಳೆಯುವ ಗಾಳಕ್ಕೆ, ದೊಡ್ಡದೊಂದು ಚರಿತ್ರೆ ಉಂಟು. ಅದು ಚೆನ್ನಾಗಿ ಕಾಣಸಿಗುವುದು ಉತ್ತರ ಅಮೆರಿಕದ ಪಡುಗರೆಯಲ್ಲಿ. ಪೆಸಿಫಿಕ್ ಸಾಗರದ ಅಂಚಿನಲ್ಲಿ ವಾಷಿಂಗ್ಟನ್ ರಾಜ್ಯ, ಅದರ ಮೇಲೆ ಕೆನಡಾದ ಬ್ರಿಟಿಷ್ ಕೊಲಂಬಿಯಾ, ಇನ್ನೂ ಮೇಲೆ ಅಲಾಸ್ಕ. ಅಲ್ಲಿನವರು ಕೊರೆಯುವ ಚಳಿಯಲ್ಲಿ ಸಾಲ್ಮನ್ ಎಂಬ ಮೀನಿಗೆ ಗಾಳ ಎಳೆಯುತ್ತಾರೆ. ಆ ಕಸುಬಿನ ಕಥೆಯನ್ನು ನಮ್ಮ ಊರಿನವರು ಯಾಕೆ ಓದಬೇಕು ಎಂದು ಕೇಳಿದರೆ, ಉತ್ತರ ಕಥೆಯ ಒಳಗೇ ಉಂಟು.

ಮೊದಲು ಮೀನಿನ ಪರಿಚಯ. ನಮ್ಮ ಮಾರುಕಟ್ಟೆಯಲ್ಲಿ ರಾವಸ್ ಮೀನನ್ನು ‘ಇಂಡಿಯನ್ ಸಾಲ್ಮನ್’ ಎಂದು ಮಾರುವುದುಂಟು. ಹೆಸರು ಮಾತ್ರ ಒಂದೇ. ರಾವಸಿಗೂ ಸಾಲ್ಮನಿಗೂ ನೆಂಟಸ್ತಿಕೆ ಇಲ್ಲ. ಸಾಲ್ಮನ್ ಹುಟ್ಟುವುದು ಹೊಳೆಯಲ್ಲಿ, ಕಲ್ಲುಹರಳಿನ ನಡುವೆ, ತಣ್ಣಗಿನ ಸಿಹಿನೀರಿನಲ್ಲಿ. ಸ್ವಲ್ಪ ಬೆಳೆದ ಮೇಲೆ ಕಡಲಿಗೆ ಇಳಿಯುತ್ತದೆ. ಅಲ್ಲಿ ಕೆಲವು ವರ್ಷ ತಿಂದು ದೊಡ್ಡದಾಗಿ, ಮೊಟ್ಟೆ ಇಡುವ ಕಾಲಕ್ಕೆ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ವಾಪಾಸು ಬರುತ್ತದೆ. ಹೊಳೆ ಹತ್ತಿದ ಮೇಲೆ ತಿನ್ನುವುದಿಲ್ಲ. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆ ಇಟ್ಟ ಮೇಲೆ ಅಲ್ಲಿಯೇ ಸಾಯುತ್ತವೆ.

ಅಮೆರಿಕದ ಆ ಕರೆಯಲ್ಲಿ ಸಾಲ್ಮನ್‌ಗಳಲ್ಲಿ ಐದು ಜಾತಿ. ಎಲ್ಲಕ್ಕಿಂತ ದೊಡ್ಡದು ಚಿನೂಕ್. ಕೊಲಂಬಿಯಾ ಹೊಳೆಯ ಬಾಯಿಯಲ್ಲಿ ವಾಸವಾಗಿದ್ದ ಚಿನೂಕ್ ಜನರಿಂದ ಬಂದ ಹೆಸರು. 1949ರಲ್ಲಿ ಅಲಾಸ್ಕದ ಪೀಟರ್ಸ್‌ಬರ್ಗ್ ಬಳಿ ಸಿಕ್ಕಿದ ಒಂದು ಚಿನೂಕ್ 57 ಕಿಲೋ ತೂಗಿತ್ತು, ಅಂದರೆ ಒಂದು ಅಕ್ಕಿಮುಡಿಗಿಂತಲೂ ಭಾರ!

ಬೇಸಗೆಯಲ್ಲಿ ಹೊಳೆಯ ಕಡೆಗೆ ಹೊರಟ ದೊಡ್ಡ ಮೀನುಗಳು ಹಿಂಡು ಹಿಂಡಾಗಿ ಬರುತ್ತವೆ. ಆಗ ಎಲ್ಲರೂ ಮೀನುಗಾರರೇ. ಚಳಿಗಾಲದಲ್ಲಿ ಹಾಗಲ್ಲ. ಆಗ ಕರೆಯ ಹತ್ತಿರದ ಕೊಲ್ಲಿಗಳಲ್ಲಿ ಉಳಿಯುವುದು ಇನ್ನೂ ಮೊಟ್ಟೆಗೆ ಬಾರದ, ತಿಂದು ಬೆಳೆಯುತ್ತಾ ಇರುವ ಚಿನೂಕ್‌ಗಳು. ಇವುಗಳ ಒಸಡು ಕಪ್ಪು. ವಾಷಿಂಗ್ಟನಿನವರು ಇವನ್ನು ‘ಕರಿಬಾಯಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಇವುಗಳ ಮುಖ್ಯ ಆಹಾರ ಹೆರಿಂಗ್, ನಮ್ಮ ಬೂತಾಯಿಯ ಹತ್ತಿರದ ನೆಂಟ. ಚಳಿಗಾಲದ ಚಿನೂಕಿನ ಮೈಯಲ್ಲಿ ಕೊಬ್ಬು ತುಂಬಿರುತ್ತದೆ, ಮಾಂಸಕ್ಕೆ ರುಚಿ ಹೆಚ್ಚು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಬೇರೆ ತಾಜಾ ಸಾಲ್ಮನ್ ಕಡಮೆ. ಹಾಗಾಗಿ ನಾಲ್ಕೇ ಮೀನು ಸಿಕ್ಕಿದರೂ ಒಳ್ಳೆಯ ಕ್ರಯ. ಚಳಿಗಾಲದ ಗಾಳಗಾರನನ್ನು ಮನೆಯಿಂದ ಹೊರಗೆ ಎಳೆಯುವುದು ಆ ಕ್ರಯವೇ.

ಇನ್ನು ಗಾಳದ ಚರಿತ್ರೆ. ಬಿಳಿಯರು ಅಲ್ಲಿಗೆ ಹೋಗುವ ಎಷ್ಟೋ ಮೊದಲೇ ಆ ಕರೆಯ ಮೂಲಜನರು ಗಾಳ ಎಳೆಯುತ್ತಿದ್ದರು. ಮರ ಮತ್ತು ಎಲುಬಿನ ಗಾಳ. ಕಡಲಿನಲ್ಲಿ ಬೆಳೆಯುವ ಕೆಲ್ಪ್ ಎಂಬ ದೊಡ್ಡ ಪಾಚಿಯ ಉದ್ದನೆಯ ದಂಟನ್ನು ಹದ ಮಾಡಿದ ಹಗ್ಗ. ಇದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಜಾನ್ ಜ್ಯುವಿಟ್ ಎಂಬ ಇಂಗ್ಲಿಷ್ ಕಮ್ಮಾರ. 1803ರಲ್ಲಿ ‘ಬೋಸ್ಟನ್’ ಎಂಬ ಹಡಗು ವ್ಯಾಂಕೂವರ್ ದ್ವೀಪದ ನೂಟ್ಕಾ ಕೊಲ್ಲಿಗೆ ತುಪ್ಪಳದ ವ್ಯಾಪಾರಕ್ಕೆಂದು ಬಂತು. ಅಲ್ಲಿನ ಮುಖ್ಯಸ್ಥ ಮಕ್ವಿನ್ನನ ಜನರಿಗೂ ಹಡಗಿನವರಿಗೂ ಜಗಳವಾಗಿ, ಹಡಗಿನಲ್ಲಿ ಬದುಕಿ ಉಳಿದವರು ಇಬ್ಬರೇ. ಕಬ್ಬಿಣದ ಕೆಲಸ ಬಲ್ಲವನು ಎಂಬ ಕಾರಣಕ್ಕೆ ಜ್ಯುವಿಟನನ್ನು ಉಳಿಸಿಕೊಂಡರು. 1805ರವರೆಗೆ ಅವನು ಅಲ್ಲಿ ಸೆರೆಯಾಳು. ಬಿಡುಗಡೆಯಾದ ಮೇಲೆ ಅವನ ಅನುಭವದ ಪುಸ್ತಕ 1815ರಲ್ಲಿ ಅಚ್ಚಾಯಿತು.

ಸಾಲ್ಮನ್ ಹಿಡಿಯುವ ಬಗೆಯನ್ನು ಅವನು ಹೇಳುವುದು ಹೀಗೆ: ಸಣ್ಣ ದೋಣಿಯಲ್ಲಿ ಒಬ್ಬನೇ ಕೂತಿರುತ್ತಾನೆ. ಗಾಳಕ್ಕೆ ಆಗಷ್ಟೇ ಹಿಡಿದ ಸಣ್ಣ ಮೀನು ಚುಚ್ಚುತ್ತಾನೆ. ಹಗ್ಗವನ್ನು ಕೈಯಲ್ಲಿ ಹಿಡಿಯುವುದಿಲ್ಲ, ಹುಟ್ಟಿನ ಹಿಡಿಗೇ ಕಟ್ಟುತ್ತಾನೆ. ಹುಟ್ಟು ಹಾಕಿದ ಹಾಗೆ ಎರೆ ಒಮ್ಮೆ ಮುಂದೆ ಹಾರುತ್ತದೆ, ಒಮ್ಮೆ ನಿಧಾನವಾಗುತ್ತದೆ. ಜೀವ ಇರುವ ಮೀನಿನ ಹಾಗೆಯೇ ಕಾಣುತ್ತದೆ. ಸಾಲ್ಮನ್ ಬಂದು ಕಚ್ಚಿದ ಕೂಡಲೇ ಹುಟ್ಟನ್ನೇ ಜಾಣತನದಿಂದ ತಿರುಗಿಸಿ ಮೀನನ್ನು ದೋಣಿಗೆ ಎಳೆದುಕೊಳ್ಳುತ್ತಾನೆ. ಒಂದು ಬೆಳಗ್ಗೆ ಒಬ್ಬನಿಗೆ ಎಂಟು ಹತ್ತು ಸಾಲ್ಮನ್ ಸಿಕ್ಕಿದ್ದನ್ನು, ಒಂದೇ ಕಡೆ 20-30 ದೋಣಿಗಳು ಹೀಗೆ ಗಾಳ ಎಳೆಯುವುದನ್ನು ಜ್ಯುವಿಟ್ ಕಂಡಿದ್ದ.

ಈ ಕಸುಬಿನ ಮೂಲತತ್ತ್ವ ಪೂರ್ತಿ ಆ ಹುಟ್ಟಿನಲ್ಲಿ ಉಂಟು. ಎರೆ ಸುಮ್ಮನೆ ತೂಗಿದರೆ ಸಾಲ್ಮನಿಗೆ ನಂಬಿಕೆ ಬರುವುದಿಲ್ಲ. ಅದು ಗಾಯವಾದ ಮೀನಿನ ಹಾಗೆ ನಡುಗಬೇಕು, ಓಡಬೇಕು, ತಡವರಿಸಬೇಕು. ಮುಂದಿನ ಇನ್ನೂರು ವರ್ಷಗಳಲ್ಲಿ ಬಂದ ಸಲಕರಣೆಗಳೆಲ್ಲ ಆ ಹುಟ್ಟಿನ ಕೆಲಸವನ್ನೇ ಬೇರೆ ಬೇರೆ ರೀತಿಯಲ್ಲಿ ಮಾಡುವವು.

20ನೇ ಶತಮಾನದ ಮೊದಲ ದಶಕದಲ್ಲಿ ಆಗ್ನೇಯ ಅಲಾಸ್ಕದ ಕೆಚಿಕನ್ ಸುತ್ತಮುತ್ತ ಮಾರಾಟಕ್ಕೆಂದೇ ಗಾಳ ಎಳೆಯುವುದು ಸುರುವಾಯಿತು. ಮೊದಮೊದಲು ಹುಟ್ಟು ಹಾಕುವ ದೋಣಿ, ಕೈಯಲ್ಲಿ ಹಗ್ಗ. ಚಿನೂಕನ್ನು ಸೀಳಿ, ಹದವಾಗಿ ಉಪ್ಪು ಹಾಕಿ, ಮರದ ಪೀಪಾಯಿಗಳಲ್ಲಿ ತುಂಬಿ ದೂರ ದೂರಕ್ಕೆ ಕಳಿಸುತ್ತಿದ್ದರು. ಆಮೇಲೆ ಪೆಟ್ರೋಲ್ ಇಂಜಿನು ಬಂತು. ದೋಣಿಯ ಎರಡೂ ಬದಿಗೆ ಉದ್ದನೆಯ ಗಳುಗಳು ಬಂದವು. ಬಂದರಿನಲ್ಲಿ ಅವನ್ನು ಕೊಡೆ ಮಡಚಿದ ಹಾಗೆ ನೆಟ್ಟಗೆ ನಿಲ್ಲಿಸುತ್ತಾರೆ, ಕಡಲಿನಲ್ಲಿ ಎರಡೂ ಕಡೆಗೆ ಚಾಚುತ್ತಾರೆ; ಹಗ್ಗಗಳು ಒಂದಕ್ಕೊಂದು ಸುತ್ತಿಕೊಳ್ಳಬಾರದಲ್ಲ! ಹಗ್ಗದ ಬದಲಿಗೆ ಉಕ್ಕಿನ ತಂತಿ ಬಂತು. ತಂತಿಯ ತುದಿಗೆ 20 ಕಿಲೋ ಆಸುಪಾಸಿನ ಸೀಸದ ಗುಂಡು. ಗುಂಡು ತಂತಿಯನ್ನು ಆಳಕ್ಕೆ ಒಯ್ಯುತ್ತದೆ. ತಂತಿಗೆ ಅಲ್ಲಲ್ಲಿ ಕವಲಾಗಿ ಗಾಳದ ದಾರಗಳನ್ನು ಸಿಕ್ಕಿಸುತ್ತಾರೆ. ತಂತಿ ಸುತ್ತಲಿಕ್ಕೆ ಬಾವಿಯ ರಾಟೆಯಂಥ ಉರುಳೆ. ಮೊದಲು ಅದನ್ನು ಕೈಯಿಂದ ತಿರುಗಿಸುತ್ತಿದ್ದರು, ಆಮೇಲೆ ಇಂಜಿನಿನಿಂದ. ಅಲಾಸ್ಕದಲ್ಲಿ ಇಂದಿಗೂ ಎರಡು ಬಗೆಯ ಪರವಾನಗಿ ಉಂಟು: ಕೈಯಲ್ಲಿ ಸುತ್ತುವವರದ್ದು ಬೇರೆ, ಇಂಜಿನಿನಲ್ಲಿ ಸುತ್ತುವವರದ್ದು ಬೇರೆ.

ಎರೆಯ ವಿಷಯದಲ್ಲಿಯೂ ಹಾಗೆಯೇ. ಹೆರಿಂಗಿನ ತಲೆಯನ್ನು ಓರೆಯಾಗಿ ಕೊಯ್ದು ಗಾಳಕ್ಕೆ ಹಾಕಿದರೆ ಅದು ನೀರಿನಲ್ಲಿ ತಿರುಚುತ್ತಾ ಹೋಗುತ್ತದೆ, ಪೆಟ್ಟಾದ ಮೀನಿನ ಹಾಗೆ. ಮೀನೇ ಬೇಡ ಎಂದರೆ ಚಮಚದ ಹಾಗೆ ಬಗ್ಗಿಸಿದ ಹಿತ್ತಾಳೆಯ ತಗಡು, ಬಣ್ಣ ಬಳಿದ ಮರದ ಮೀನು, ಈಗ ಪ್ಲಾಸ್ಟಿಕಿನ ಪುಟ್ಟ ಬೊಂಡಾಸ್. ಗಾಳದ ಮುಂದೆ ಒಂದು ಹೊಳೆಯುವ ಪಟ್ಟಿ ಕಟ್ಟುತ್ತಾರೆ. ಅದು ಗಿರಗಿರ ಸುತ್ತುತ್ತಾ ಮಿಂಚುವಾಗ, ಇನ್ನೊಂದು ಸಾಲ್ಮನ್ ಅಲ್ಲಿ ತಿನ್ನುತ್ತಾ ಇದೆ ಎಂದು ದೂರದ ಮೀನಿಗೆ ಅನಿಸುತ್ತದಂತೆ. ಊಟದ ಪಂಕ್ತಿ ಕಂಡಲ್ಲಿಗೆ ಜನ ಸೇರುವ ಹಾಗೆ ಮೀನೂ ಬರುತ್ತದೆ.

ಚಳಿಗಾಲದ ಉಪಾಯಗಳು ಸ್ವಲ್ಪ ಬೇರೆ. ಆಗ ಮೀನು ಮೇಲೆ ಇರುವುದಿಲ್ಲ. ಹೆರಿಂಗ್ ಎಲ್ಲಿ ಗುಂಪುಗೂಡಿದೆಯೋ ಅಲ್ಲಿ, ಹೆಚ್ಚಾಗಿ ತಳಕ್ಕೆ ಹತ್ತಿರ, 30ರಿಂದ 60 ಮೀಟರ್ ಆಳದಲ್ಲಿ ಇರುತ್ತದೆ. ಗಾಳ ತಳ ಮುಟ್ಟಿದರೆ ಬಂಡೆಗೆ ಸಿಕ್ಕಿ ಎಲ್ಲವೂ ಹೋಯಿತು. ಮೇಲೆ ಹೋದರೆ ಮೀನಿಲ್ಲ. ಹಾಗಾಗಿ ಕಡಲಿನ ತಳದ ಏರುತಗ್ಗು ಗಾಳಗಾರನಿಗೆ ಮನೆಯಂಗಳದ ಹಾಗೆ ಗೊತ್ತಿರಬೇಕು. ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್, ಮನುಷ್ಯ ನಡೆಯುವಷ್ಟೇ. ಉಬ್ಬರ ಇಳಿತ ತಿರುಗುವ ಹೊತ್ತು ನೋಡಬೇಕು, ನೀರು ಮುಳುಗುವ ಹಕ್ಕಿಗಳನ್ನು ನೋಡಬೇಕು. ಅಲಾಸ್ಕದ ಸಿಟ್ಕಾ ಊರಿನಲ್ಲಿ ಡಿಸೆಂಬರಿನಲ್ಲಿ ಹಗಲು ಇರುವುದೇ ಆರೂವರೆ ಗಂಟೆ. ಅಷ್ಟರಲ್ಲಿ ಹಿಮಗಾಳಿ ತಡೆದುಕೊಂಡು ಕೆಲಸ ಮುಗಿಯಬೇಕು. ಮೀನು ಮೇಲೆ ಬಂದ ಕೂಡಲೇ ರಕ್ತ ಬಸಿದು, ಹೊಟ್ಟೆ ತೆಗೆದು, ಐಸಿನಲ್ಲಿ ಇಡಬೇಕು. ಒಂದೊಂದು ಮೀನಿಗೂ ಕೈ ತಾಗುತ್ತದೆ. ಗಾಳದ ಮೀನಿಗೆ ಬಲೆಯ ಮೀನಿಗಿಂತ ಹೆಚ್ಚು ಕ್ರಯ ಬರುವುದು ಇದರಿಂದಲೇ.

ಅಲ್ಲಿ ಒಂದು ನಿಯಮ ಉಂಟು: 28 ಇಂಚಿಗಿಂತ ಸಣ್ಣ ಚಿನೂಕ್ ಸಿಕ್ಕಿದರೆ ನೀರಿಗೇ ಬಿಡಬೇಕು. ಬಿಟ್ಟವುಗಳಲ್ಲಿ ಕೆಲವು ಗಾಯದಿಂದ ಸಾಯುತ್ತವೆ, ಆದರೆ ಹೆಚ್ಚಿನವು ಬದುಕುತ್ತವೆ. ಅಳೆದು ನೋಡಿ ಬಿಡುವ ಅವಕಾಶ ಗಾಳದಲ್ಲಿ ಉಂಟು. ಈ ಮಾತನ್ನು ನೆನಪಿನಲ್ಲಿ ಇಡಿ, ಆಮೇಲೆ ಬೇಕಾಗುತ್ತದೆ.

ಇಷ್ಟು ನಿಧಾನದ ಕಸುಬಿನ ಪಕ್ಕದಲ್ಲಿಯೇ ಅವಸರದ ಕಸುಬೂ ಬೆಳೆಯಿತು. 1866ರಲ್ಲಿ ಕೊಲಂಬಿಯಾ ಹೊಳೆಯ ದಡದಲ್ಲಿ ಸಾಲ್ಮನನ್ನು ಡಬ್ಬಿಗೆ ತುಂಬುವ ಮೊದಲ ಕಾರ್ಖಾನೆ ಎದ್ದಿತು. ಡಬ್ಬಿಗಳ ಹೊಟ್ಟೆ ತುಂಬಿಸಲಿಕ್ಕೆ ಗಾಳ ಸಾಲದು. ಮೀನು ಬರುವ ದಾರಿಗೇ ಕಂಬ ನೆಟ್ಟು ಬಲೆಯ ಬೇಲಿ ಕಟ್ಟಿದರು. ಹೊಳೆಯ ಹರಿವಿಗೇ ತಿರುಗಿ ಮೀನನ್ನು ಮೊಗೆದು ಹಾಕುವ ಚಕ್ರ ಇಟ್ಟರು. ಅಲಾಸ್ಕದಲ್ಲಿ ಈ ಬೇಲಿಬಲೆಗಳ ಯಜಮಾನರು ಹೆಚ್ಚಾಗಿ ಹೊರಗಿನ ದೊಡ್ಡ ಕಂಪೆನಿಗಳು. ಊರಿನ ಮೀನುಗಾರ ದೋಣಿಯಲ್ಲಿ ಕೂತು ನೋಡುತ್ತಾ ಇರಬೇಕು, ಮೀನು ಬೇಲಿಯೊಳಗೆ. 1936ರಲ್ಲಿ ಅಲಾಸ್ಕದಲ್ಲಿ ಎಲ್ಲ ಜಾತಿ ಸೇರಿ 12 ಕೋಟಿಗೂ ಹೆಚ್ಚು ಸಾಲ್ಮನ್ ಹಿಡಿದಿದ್ದರು. 1959ಕ್ಕೆ ಅದು ಸುಮಾರು 2.5 ಕೋಟಿಗೆ ಇಳಿಯಿತು.

ವಾಷಿಂಗ್ಟನಿನ ಜನ 1934ರಲ್ಲಿಯೇ ಮತ ಹಾಕಿ ಬೇಲಿಬಲೆಗಳನ್ನು ನಿಲ್ಲಿಸಿದ್ದರು. ಅಲಾಸ್ಕ ಆಗ ಇನ್ನೂ ರಾಜ್ಯವಾಗಿರಲಿಲ್ಲ. ದೂರದ ರಾಜಧಾನಿಯಿಂದ ಅದರ ಆಡಳಿತ. ತಮ್ಮ ಮೀನಿನ ಬಗ್ಗೆ ತಾವೇ ತೀರ್ಮಾನಿಸಬೇಕು ಎಂಬುದು ರಾಜ್ಯ ಬೇಕೆನ್ನುವ ಕೂಗಿನ ಒಂದು ದೊಡ್ಡ ಕಾರಣವಾಗಿತ್ತು. 1956ರಲ್ಲಿ ಸಂವಿಧಾನದ ಜೊತೆಗೇ ಬೇಲಿಬಲೆ ನಿಷೇಧವನ್ನೂ ಜನರ ಮತಕ್ಕೆ ಇಟ್ಟರು, ಗೆದ್ದರು. 1959ರ ಜನವರಿ 3ರಂದು ಅಲಾಸ್ಕ ರಾಜ್ಯವಾಯಿತು, ಬೇಲಿಬಲೆಗಳಿಗೆ ಅಲ್ಲಿಗೆ ಮುಕ್ತಾಯ. ಗಡಿ, ಆಡಳಿತ, ಭಾಷೆ ಎಂದು ನಾವು ಇಲ್ಲಿ ಮಾತಾಡುವಾಗ ಬಲೆಯೂ ಒಂದು ರಾಜ್ಯದ ಹುಟ್ಟಿಗೆ ಕಾರಣವಾದೀತು ಎಂದು ನಮಗೆ ಹೊಳೆಯುವುದಿಲ್ಲ.

ಗಾಳ ಗೆದ್ದಿತು ಎಂದು ಇಲ್ಲಿಗೆ ಕಥೆ ಮುಗಿಸುವ ಹಾಗಿಲ್ಲ. ಅಲಾಸ್ಕದ ಕಡಲಿನಲ್ಲಿ ಗಾಳಕ್ಕೆ ಸಿಗುವ ಚಿನೂಕ್‌ಗಳಲ್ಲಿ ಹೆಚ್ಚಿನವು ಅಲಾಸ್ಕದಲ್ಲಿ ಹುಟ್ಟಿದವಲ್ಲ. ಅವು ಕೆನಡಾದ, ವಾಷಿಂಗ್ಟನಿನ, ಒರೆಗಾನಿನ ಹೊಳೆಗಳ ಮಕ್ಕಳು. ಆ ಹೊಳೆಗಳಿಗೆ ಅಣೆಕಟ್ಟು ಬಂತು. ಕೊಲಂಬಿಯಾದ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಹತ್ತಿ ಹೋಗುವ ಮೆಟ್ಟಿಲೇ ಇಲ್ಲ. 1940ರ ದಶಕದ ಆರಂಭದಲ್ಲಿ ಅದು ಮುಗಿದಾಗ ಅದರ ಮೇಲಿನ ಹೊಳೆಗೆ ಸಾಲ್ಮನ್ ಹೋಗುವ ದಾರಿ ಮುಚ್ಚಿತು. ಹೊಳೆ ಕಟ್ಟಿದವನು ಒಬ್ಬ, ಮೀನು ಕಡಮೆಯಾದದ್ದು ಸಾವಿರ ಮೈಲು ದೂರದಲ್ಲಿ ಗಾಳ ಹಿಡಿದು ಕೂತ ಇನ್ನೊಬ್ಬನಿಗೆ.

ಮೂಲಜನರ ಪಾಲಿನ ಪ್ರಶ್ನೆಯೂ ಉಂಟು. 1854-55ರ ಒಪ್ಪಂದಗಳಲ್ಲಿ ವಾಷಿಂಗ್ಟನಿನ ಮೂಲಜನರು ನೆಲ ಬಿಟ್ಟುಕೊಟ್ಟರೂ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. ಕಾಗದದಲ್ಲಿ ಹಕ್ಕು ಇತ್ತು, ಹೊಳೆಯಲ್ಲಿ ಪೊಲೀಸರಿದ್ದರು. 1960ರ ದಶಕದಲ್ಲಿ ಬಿಲ್ಲಿ ಫ್ರ್ಯಾಂಕ್ ಎಂಬ ನಿಸ್ಕ್ವಾಲಿ ಮೀನುಗಾರ ಮತ್ತು ಅವನ ಜೊತೆಯವರು ಬೇಕೆಂದೇ ಬಲೆ ಬೀಸಿ ಜೈಲಿಗೆ ಹೋದರು. 1974ರ ಫೆಬ್ರವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು ಮೂಲಜನರಿಗೆ ಹಿಡಿಯಬಹುದಾದ ಮೀನಿನ ಅರ್ಧ ಪಾಲು ಎಂದಿತು. 1985ರಲ್ಲಿ ಅಮೆರಿಕ, ಕೆನಡಾ ಎರಡೂ ದೇಶಗಳು ಸಾಲ್ಮನ್ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿಂದ ಮುಂದೆ ಯಾರ ಕಡಲಿನಲ್ಲಿ ಎಷ್ಟು ಚಿನೂಕ್ ಎಂಬುದು ಎರಡು ದೇಶಗಳ ಲೆಕ್ಕ. ಅಕ್ಟೋಬರಿನಲ್ಲಿ ಸುರುವಾಗುವ ಅಲಾಸ್ಕದ ಚಳಿಗಾಲದ ಗಾಳಕ್ಕೆ ಸುಮಾರು 45,000 ಮೀನಿನ ಮಿತಿ ಬಂದದ್ದೂ ಇಂಥ ಲೆಕ್ಕದಿಂದಲೇ.

ಇತ್ತೀಚಿನದ್ದು ತಿಮಿಂಗಿಲದ ವ್ಯಾಜ್ಯ. ವಾಷಿಂಗ್ಟನಿನ ಕಡಲಿನಲ್ಲಿ ಓರ್ಕಾ ಎಂಬ ಕಪ್ಪುಬಿಳಿ ತಿಮಿಂಗಿಲಗಳ ಒಂದು ಗುಂಪು ಉಂಟು. ಈಗ ಉಳಿದದ್ದು 75ರ ಆಸುಪಾಸು. ಅವುಗಳ ಮುಖ್ಯ ಆಹಾರ ಚಿನೂಕ್. ಅಲಾಸ್ಕದ ಗಾಳದಿಂದ ಅವಕ್ಕೆ ಆಹಾರ ಸಿಗುವುದಿಲ್ಲ ಎಂದು ಒಂದು ಸಂರಕ್ಷಣಾ ಸಂಸ್ಥೆ ಕೋರ್ಟಿಗೆ ಹೋಯಿತು. 2023ರ ಮೇ ತಿಂಗಳಿನಲ್ಲಿ ಸಿಯಾಟಲಿನ ಕೋರ್ಟು ಚಳಿಗಾಲದ, ಬೇಸಗೆಯ ಎರಡೂ ಗಾಳ ನಿಲ್ಲುವಂಥ ಆದೇಶ ಕೊಟ್ಟಿತು. ಜೂನಿನಲ್ಲಿ ಮೇಲಿನ ಕೋರ್ಟು ಅದನ್ನು ತಡೆಹಿಡಿಯಿತು, 2024ರ ಆಗಸ್ಟಿನಲ್ಲಿ ಆ ಭಾಗವನ್ನು ರದ್ದು ಮಾಡಿತು. ಹೊಳೆ ಕೆಡಿಸಿದವರನ್ನು, ಅಣೆಕಟ್ಟು ಕಟ್ಟಿದವರನ್ನು ಬಿಟ್ಟು ಒಂದೊಂದು ಮೀನು ಹಿಡಿಯುವವರ ಮೇಲೆ ಯಾಕೆ ಬಂದಿರಿ ಎಂಬುದು ಗಾಳಗಾರರ ವಾದ. ತಿಮಿಂಗಿಲದ ಹೊಟ್ಟೆ ಕಾಯಲಾರದು ಎಂಬುದು ಎದುರಿನವರ ವಾದ. ಎರಡರಲ್ಲಿಯೂ ಹುರುಳುಂಟು.

ಈಗ ನಮ್ಮ ಕಡಲಿಗೆ ಬರುವ. ನಮ್ಮಲ್ಲಿ ಟ್ರಾಲ್ ಬಲೆ ಹರಡಿದ್ದಕ್ಕೂ ಒಂದು ಚರಿತ್ರೆ ಉಂಟು. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ ಒಪ್ಪಂದ ಮಾಡಿಕೊಂಡು, ಮರುವರ್ಷ ಕೊಲ್ಲದ ಬಳಿಯ ನೀಂಡಕರದಲ್ಲಿ ಇಂಜಿನು ದೋಣಿಯ ಯೋಜನೆ ಸುರುವಾಯಿತು. ಬಡ ಮೀನುಗಾರನ ದೋಣಿಗೆ ಇಂಜಿನು ಸಿಗಲಿ ಎಂಬುದು ಉದ್ದೇಶ. ಆದರೆ ಸೀಗಡಿಗೆ ಹೊರದೇಶದಲ್ಲಿ ಬೆಲೆ ಬಂತು, ಟ್ರಾಲ್ ಬೋಟುಗಳು ಹೆಚ್ಚಿದವು, ಹಣ ಇದ್ದವರು ಕಡಲಿಗೆ ಇಳಿದರು. ನಾಡದೋಣಿಯವರಿಗೂ ಬೋಟಿನವರಿಗೂ ಜಗಳಗಳಾದವು. 1980ರಲ್ಲಿ ಕೇರಳದ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ಮುಷ್ಕರ, ಉಪವಾಸಗಳ ನಂತರ 1988ರಿಂದ ಮಳೆಗಾಲದ ಟ್ರಾಲ್ ನಿಷೇಧ ಬಂತು. ಈಗ ನಾವು ಪೇಪರಿನಲ್ಲಿ ಓದುವ ತಲೆಬರಹದ ಹಿಂದೆ ಈ ಹಸಿವಿನ ಹೋರಾಟ ಉಂಟು. ಅದನ್ನು ಕೇಳಿದವರು ಸಣ್ಣ ದೋಣಿಯವರು. ನಿಷೇಧದ ದಿನಗಳಲ್ಲಿ ನಾಡದೋಣಿಗೆ ಅನುಮತಿ ಇರುವುದೂ ಅದಕ್ಕೇ.

28 ಇಂಚಿನ ಮಾತನ್ನು ನೆನಪಿಡಿ ಎಂದಿದ್ದೆನಲ್ಲ, ಅದು ಇಲ್ಲಿಗೆ. ಕೇರಳ ಸರಕಾರವೂ 2015ರಲ್ಲಿ ಸಣ್ಣ ಮೀನು ಹಿಡಿಯಬಾರದೆಂದು ಅಳತೆ ಗೊತ್ತುಮಾಡಿತು: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ನಿಯಮ ಒಳ್ಳೆಯದೇ. ಆದರೆ ಗಾಳದವನು ಮೀನನ್ನು ಅಳೆದು ಜೀವಂತ ಬಿಟ್ಟಾನು. ಬಲೆಯಲ್ಲಿ ರಾಶಿ ಬಿದ್ದ ಬೂತಾಯಿಮರಿಯನ್ನು ಅಳೆಯುವ ಹೊತ್ತಿಗೆ ಅದು ಸತ್ತಾಗಿದೆ. ಬಲೆಯವನು ಕಣ್ಣಿಯ ಅಳತೆಯನ್ನು, ಬೀಸುವ ಕಾಲವನ್ನು, ಬೀಸುವ ಜಾಗವನ್ನು ಮೊದಲೇ ನೋಡಬೇಕು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. ಕಡಲಿನ ಬಿಸಿ, ಎರೆಯ ಕೊರತೆ, ಮರಿಮೀನಿನ ಬೇಟೆ ಹೀಗೆ ಕಾರಣಗಳು ಹಲವು. ನಮ್ಮ ಅಡುಗೆಮನೆಗಳಲ್ಲಿ ಆ ವರ್ಷ ಬೂತಾಯಿ ಪುಳಿಮುಂಚಿ ಅಪರೂಪವಾದದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಎಲ್ಲರೂ ಬಲೆ ಬಿಟ್ಟು ಗಾಳ ಹಿಡಿಯಲಿ ಎಂದು ನಾನು ಹೇಳುವುದಿಲ್ಲ. ಬೂತಾಯಿಯನ್ನು ಗಾಳದಲ್ಲಿ ಹಿಡಿದು ಊರಿಗೆ ಉಣಿಸಲಿಕ್ಕಾಗುತ್ತದಾ? ಸಾಲ್ಮನಿನ ಚರಿತ್ರೆ ನನಗೆ ಕಲಿಸಿದ್ದು ಬೇರೆ. ಅಲ್ಲಿ ಮೀನು ಹಿಡಿಯುವ ಅತ್ಯಂತ ಮೆಲ್ಲನೆಯ ದಾರಿಯೂ ತಾನಾಗಿ ಉಳಿಯಲಿಲ್ಲ. ಬೇಲಿಬಲೆಗೆ ಮತ ಹಾಕಿದವರು, ಜೈಲಿಗೆ ಹೋದವರು, ಎರಡು ದೇಶಗಳ ನಡುವೆ ಲೆಕ್ಕ ಕೂತು ಮಾಡಿದವರು ಇದ್ದದ್ದರಿಂದ ಇಂದಿಗೂ ಸಿಟ್ಕಾದಲ್ಲಿ ಒಬ್ಬ ಡಿಸೆಂಬರಿನ ಕತ್ತಲೆಯಲ್ಲಿ ಇಂಜಿನು ಸುರುಮಾಡುತ್ತಾನೆ. ನಮ್ಮಲ್ಲಿ ತಲಪಾಡಿಯ ಈಚೆ 52, ಆಚೆ 61 ಎಂಬ ಲೆಕ್ಕ ಇನ್ನೂ ಕೂಡಿ ಬಂದಿಲ್ಲ; ಬೂತಾಯಿಗೆ ಗಡಿಕಲ್ಲು ಕಾಣುವುದೂ ಇಲ್ಲ.

ನಮ್ಮ ಶಾಲೆಗಳ ಅಧ್ಯಾಪಕರಿಗೆ ಒಂದು ಸಲಹೆ. ಜೂನ್ ತಿಂಗಳಲ್ಲಿ ಈ ತಲೆಬರಹ ಬಂದ ದಿನ, ತರಗತಿಯಲ್ಲಿ ಒಂದು ದಾರ, ಒಂದು ಬಟ್ಟೆಯ ಚೀಲ ಎಳೆದು ತೋರಿಸಿ ಎರಡು ಶಬ್ದಗಳ ವ್ಯತ್ಯಾಸ ಹೇಳಿ. ಆಮೇಲೆ ಮಕ್ಕಳನ್ನು ಕರೆಯ ಕಡೆಗೆ ಕಳಿಸಿ. ನಮ್ಮ ಕಡಲಿನಲ್ಲಿಯೂ ಅಂಜಲಿಗೆ ಗಾಳ ಹಾಕಿದ ಹಿರಿಯರಿದ್ದಾರೆ. ಅವರ ಗಾಳ ಎಂಥದ್ದು, ಎರೆ ಯಾವುದು, ಯಾವ ತಿಂಗಳು, ಎಷ್ಟು ಮಾರು ಹಗ್ಗ ಎಂದು ಕೇಳಿ ಬರೆದುಕೊಂಡು ಬರಲಿ. ಜ್ಯುವಿಟ್ ಬರೆದಿಟ್ಟದ್ದರಿಂದ ನೂಟ್ಕಾದ ಹುಟ್ಟಿನ ಉಪಾಯ ಇನ್ನೂರು ವರ್ಷದ ಮೇಲೆ ನಮಗೆ ಸಿಕ್ಕಿತು. ನಮ್ಮ ಹಿರಿಯರದ್ದನ್ನು ಬರೆಯುವ ಕೆಲಸ ಬಾಕಿ ಉಂಟು. ಬರೆದದ್ದನ್ನು ವಾಚನಾಲಯಕ್ಕೆ ತಂದು ಕೊಟ್ಟರೆ ಮುಂದಿನ ಪುಸ್ತಕದಲ್ಲಿ ಅದಕ್ಕೆ ಜಾಗ ಮಾಡುವ.